ತಮ್ಮನಿಗೆ ಜೈಲಿನ ನೌಕರಿ, ಟ್ರೈನಿಂಗಿನಲ್ಲಿ ಅಶ್ರುವಾಯು: ಚಿಕ್ಕಂದಿನಲ್ಲಿ ಉಬ್ಬಸ ಇದ್ದವರಿಗೆ ಏನಾದರೂ ಆಗುತ್ತಾ?

ಪಿಂಪ್ರಿಯ ಅಕ್ಕ:

ಎಲ್ಲರಿಗೂ ನಮಸ್ಕಾರ. ಅಪ್ಪ ಪಿಂಪ್ರಿಗೆ ಫ್ಯಾಕ್ಟರಿ ಕೆಲಸಕ್ಕೆ ಬಂದು ಮೂವತ್ತು ವರ್ಷ ಆಯ್ತು, ನಾವು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನನ್ನ ತಮ್ಮ ಈ ಸಲದ ಭರತಿಯಲ್ಲಿ ಕಾರಾಗೃಹ ಶಿಪಾಯಿ ಆಗಿ ಆಯ್ಕೆಯಾಗಿದ್ದಾನೆ. ಪೇಢೆ ಹಂಚಿದ್ದೂ ಆಯ್ತು, ಮುಂದಿನ ತಿಂಗಳು ಟ್ರೈನಿಂಗ್. ಬೇರೆ ಪಡೆಯಲ್ಲಿರೋ ಅವನ ಗೆಳೆಯನೊಬ್ಬ, "ನಮ್ಮನ್ನ ಒಂದು ಕೋಣೆಯಲ್ಲಿ ನಿಲ್ಲಿಸಿ ಗ್ಯಾಸ್ ಬಿಟ್ಟಿದ್ರು, ನಿಮಗೂ ಬಿಡಬಹುದು" ಅಂತ ಹೇಳಿ ಹೋಗಿದ್ದಾನೆ.

ನನ್ನ ಭಯ ಇಷ್ಟೇ. ಏಳೆಂಟು ವರ್ಷದವನಿದ್ದಾಗ ಅವನಿಗೆ ಉಬ್ಬಸ ಇತ್ತು. ಅವ್ವ ಖಾರಪುಡಿಗೆ ಮೆಣಸಿನಕಾಯಿ ಹುರಿಯೋ ದಿನ ಅವನನ್ನ ಪಕ್ಕದ ಮನೆಗೆ ಕಳಿಸಿಬಿಡ್ತಿದ್ಲು. ಈಗ ಇಪ್ಪತ್ತಮೂರು, ಓಟದಲ್ಲಿ ಮುಂದೆ ಇದ್ದ, ಪಂಪ್ ಮುಟ್ಟಿ ಐದಾರು ವರ್ಷ ಆಯ್ತು. ಮೆಡಿಕಲ್‌ನಲ್ಲಿ ಈ ವಿಷಯ ಅವನು ಹೇಳಿಲ್ಲ. ಹೇಳಿದ್ರೆ ಕೈಬಿಡ್ತಾರೆ ಅನ್ನೋ ಹೆದರಿಕೆ. ಅಪ್ಪ ಅಂತಾರೆ, ಕಣ್ಣೀರು ಬರಿಸೋದು ತಾನೇ, ಅರ್ಧ ಗಂಟೆಗೆ ಹೋಗುತ್ತೆ. ನಿಜವಾ? ಮುಂದೆ ಜೈಲಿನಲ್ಲಿ ಅವನೇ ಇದನ್ನ ಬಳಸೋ ಪರಿಸ್ಥಿತಿ ಬರಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ವಾಸ್ಕೋ ಕನ್ನಡಿಗ:

ಹೆದರಬೇಡ್ರಿ ಅಕ್ಕಾರ. ಮುಖಕ್ಕ ಹಾಲು ಹಾಕಿದ್ರ ತಕ್ಷಣ ಇಳೀತೈತಿ ಅಂತ ಕೇಳೀನಿ. ಒಂದು ಪಾಕೀಟು ಹಾಲು ಹತ್ರ ಇಟ್ಟುಕೊಳ್ಳಾಕ ಹೇಳ್ರಿ, ಸಾಕು.

ಪರೇಲ್ ನರ್ಸ್:

ಹಾಲಿನ ಮಾತು ಮೊದಲು ಬಿಡೋಣ. 2008ರಲ್ಲಿ ಅಮೆರಿಕದಲ್ಲಿ 49 ಸ್ವಯಂಸೇವಕರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಅಶ್ರುವಾಯುವಿನ ಹಾಗೆಯೇ ಉರಿಸುವ ಪೆಪ್ಪರ್ ಸ್ಪ್ರೇ ತಗುಲಿದ ಚರ್ಮಕ್ಕೆ ಹಾಲು, ಬೇಬಿ ಶಾಂಪೂ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್, ನೋವು ಮರೆಸುವ ಲಿಡೊಕೇನ್, ಬರೀ ನೀರು, ಈ ಐದರಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲಾಗಲಿಲ್ಲ. ಉರಿ ಇಳಿಸಿದ್ದು ಹೊತ್ತು ಕಳೆದದ್ದೇ. ಪಾಕೀಟಿನ ಹಾಲನ್ನು ಕಣ್ಣಿಗೆ ಸುರಿದುಕೊಂಡರೆ ಸೋಂಕಿನ ಅಪಾಯ ಬೇರೆ. ನೀರು ಹಾಕಿ, ಧಾರಾಳವಾಗಿ ಹಾಕಿ.

ಅಕ್ಕಾ, ನಾನು ಹದಿನಾಲ್ಕು ವರ್ಷದಿಂದ ಕ್ಯಾಶುವಾಲ್ಟಿಯಲ್ಲಿ ಇದ್ದೇನೆ. ನಿಮ್ಮ ತಂದೆಯವರು ಹೇಳಿದ್ದು ಸುಳ್ಳಲ್ಲ. ಬಯಲಿನಲ್ಲಿ, ಗಟ್ಟಿಮುಟ್ಟಾದ ಮನುಷ್ಯ, ಹೊಗೆಯಿಂದ ಹೊರಗೆ ನಡೆದು ಬಂದರೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಸುಧಾರಿಸಿಕೊಳ್ಳುತ್ತಾನೆ. ಈ ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಬದಲಾಗುತ್ತದೆ. ಉಬ್ಬಸದವರ ಶ್ವಾಸನಾಳ ಮೊದಲೇ ಮುನಿಸಿಕೊಂಡಿರುತ್ತದೆ, ಅಶ್ರುವಾಯುವಿನ ಸಣ್ಣ ಪುಡಿ ತಾಗಿದ ಕೂಡಲೇ ಬಿಗಿಯುತ್ತದೆ. ಐದಾರು ವರ್ಷ ಸುಮ್ಮನಿದ್ದ ಉಬ್ಬಸ ಹೋಗಿಯೇ ಬಿಟ್ಟಿದೆ ಎಂದು ತಿಳಿಯಬೇಡಿ.

ಟ್ರೈನಿಂಗಿನ ಬಗ್ಗೆಯೇ ಕೇಳಿದ್ದೀರಿ, ಅದಕ್ಕೂ ಲೆಕ್ಕ ಇದೆ. ಅಮೆರಿಕದ ಸೈನ್ಯದ ಫೋರ್ಟ್ ಜಾಕ್ಸನ್ ಎಂಬಲ್ಲಿ 2012ರಲ್ಲಿ 6,723 ಹೊಸ ಸೈನಿಕರನ್ನು ಗಮನಿಸಿದರು. ಗ್ಯಾಸ್ ಕೋಣೆಗೆ ಹೋಗಿಬಂದ ಮೇಲಿನ ದಿನಗಳಲ್ಲಿ ಅವರಿಗೆ ಕೆಮ್ಮು, ನೆಗಡಿ, ಎದೆಯ ಸೋಂಕು ಬರುವ ಸಂಭವ ಅದಕ್ಕೆ ಮೊದಲಿಗಿಂತ 2.44 ಪಟ್ಟು ಇತ್ತು. ಇವರೆಲ್ಲ ವೈದ್ಯರು ನೋಡಿ ಪಾಸು ಮಾಡಿದ ಹುಡುಗ ಹುಡುಗಿಯರು. ಆಮೇಲೆ ಕೋಣೆಯ ಪುಡಿಯ ಪ್ರಮಾಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದಾಗ ಕಾಯಿಲೆಯೂ ಇಳಿಯಿತು. ಅಂದರೆ ತರಬೇತಿ ಕೊಡುವವರ ಕೈಯಲ್ಲಿ ಬಹಳ ಇದೆ.

ಇನ್ನೊಂದು ಲೆಕ್ಕ ನೀವೇ ಮಾಡಿ ನೋಡಿ. ಅಶ್ರುವಾಯುವಿನಲ್ಲಿರುವ ಈ ಸಿ.ಎಸ್. ಎಂಬ ಪುಡಿ ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ ಇದ್ದರೆ ಅದು ಜೀವಕ್ಕೇ ತಕ್ಷಣದ ಅಪಾಯ ಎಂದು ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಗೆರೆ ಎಳೆದಿದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಖೋಲಿ ಇದೆ ಅಂದುಕೊಳ್ಳಿ. ಹದಿನೆಂಟು ಘನ ಮೀಟರ್. ಬಾಗಿಲು ಹಾಕಿದ್ದರೆ ಆ ಗೆರೆ ಮುಟ್ಟಲು 36 ಮಿಲಿಗ್ರಾಂ ಸಾಕು. ನಾವು ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಗುತ್ತದೆ.

ತಮ್ಮನಿಗೆ ಹೇಳಿ, ಮೆಡಿಕಲ್ ಆಫೀಸರ್ ಹತ್ತಿರ ಉಬ್ಬಸದ ವಿಷಯ ಬಾಯಿಬಿಟ್ಟು ಹೇಳಲಿ. ಅದಕ್ಕೂ ಮೊದಲು ಎದೆಯ ಡಾಕ್ಟರ ಹತ್ತಿರ ಹೋಗಿ ಊದುವ ಪರೀಕ್ಷೆ ಮಾಡಿಸಿಕೊಂಡು, ಚೀಟಿ ಕೈಯಲ್ಲಿ ಹಿಡಿದು ಹೋಗಲಿ.

ಮಾಟುಂಗದ ಹೋಟೆಲಿನವ:

ನಾನು ಕುಂದಾಪುರ ಕಡೆಯವ. ಮಾಟುಂಗದಲ್ಲಿ ಸಣ್ಣ ಹೋಟೆಲ್ ಉಂಟು. ಪೊಲೀಸ್, ಜೈಲು ನನಗೆ ಗೊತ್ತಿಲ್ಲ. ಮೆಣಸಿನ ಘಾಟು ಗೊತ್ತುಂಟು, ಅದನ್ನೇ ಹೇಳುತ್ತೇನೆ.

ಪೆಪ್ಪರ್ ಸ್ಪ್ರೇ ಅಂದರೆ ಕಾಳುಮೆಣಸು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಅದು ಒಣಮೆಣಸಿನಿಂದ ತೆಗೆದ ಎಣ್ಣೆ, ಅಂಟು ಅಂಟು. ಅದರೊಳಗಿನ ಕ್ಯಾಪ್ಸೈಸಿನ್ ಉರಿ ಕೊಡುವುದು. ಬ್ಯಾಡಗಿ ಮೆಣಸಿನಲ್ಲಿ ಅದು ಕಡಿಮೆ, ಬಣ್ಣ ಜಾಸ್ತಿ. ಗುಂಟೂರಿನದ್ದು ಖಾರ. ನಾವು ಎರಡನ್ನೂ ಹದ ನೋಡಿ ಸೇರಿಸುವುದು.

ಆರೇಳು ವರ್ಷದ ಹಿಂದೆ, ಜುಲೈ ತಿಂಗಳು, ಮೂರು ದಿನ ಬಿಡದೆ ಮಳೆ. ನೀರು ಹೊಡೆಯುತ್ತದೆ ಅಂತ ಅಡುಗೆಮನೆ ಕಿಟಕಿ ಹಾಕಿದ್ದೆವು. ಹೊಗೆ ಎಳೆಯುವ ಫ್ಯಾನ್ ಹಿಂದಿನ ದಿನವೇ ಸುಟ್ಟು ಹೋಗಿತ್ತು. ನಾಳೆಗೆ ಸಾಂಬಾರು ಪುಡಿ ಇಲ್ಲ ಅಂತ ನಾನೇ ಗುಂಟೂರು ಮೆಣಸು ಬಾಣಲೆಗೆ ಹಾಕಿಸಿದೆ. ಪಾತ್ರೆ ತೊಳೆಯುವ ಹುಡುಗ ಹಿಂದಿನ ಮೂಲೆಯಲ್ಲಿದ್ದ. ನಾವೆಲ್ಲ ಕೆಮ್ಮುತ್ತಾ ಹೊರಗೆ ಓಡಿ ಬಂದೆವು. ಅವನು ಬರಬೇಕಾದರೆ ಬಾಣಲೆ ದಾಟಿಯೇ ಬರಬೇಕು. ಬರಲಿಲ್ಲ. ಒದ್ದೆ ಗೋಣಿ ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋದಾಗ ಸಿಂಕಿನ ಕೆಳಗೆ ಕೂತಿದ್ದ, ತುಟಿ ನೀಲಿ, ಎದೆಯಿಂದ ಸೀಟಿ ಹೊಡೆದ ಹಾಗೆ ಸದ್ದು. ಅವನಿಗೆ ದಮ್ಮು ಉಂಟು ಅಂತ ನನಗೆ ಗೊತ್ತಿರಲಿಲ್ಲ. ಕೆಲಸ ಹೋಗುತ್ತದೆ ಅಂತ ಹೇಳಿರಲಿಲ್ಲ ಅವನು. ಎರಡು ದಿನ ಆಸ್ಪತ್ರೆ. ಬದುಕಿದ. ಅದು ನನ್ನ ತಪ್ಪು, ಈಗಲೂ ಆ ಮುಖ ಮರೆಯಲಿಕ್ಕೆ ಆಗುವುದಿಲ್ಲ.

ಅದು ಬರೀ ಅಡುಗೆ ಮೆಣಸು ಮಾರಾಯ್ರೆ. 2014ರ ಫೆಬ್ರವರಿ 13ಕ್ಕೆ ಲೋಕಸಭೆಯಲ್ಲಿ ತೆಲಂಗಾಣದ ಗಲಾಟೆ ಆಗುವಾಗ ಒಬ್ಬ ಸಂಸದರು ಪೆಪ್ಪರ್ ಸ್ಪ್ರೇ ಹೊಡೆದದ್ದು ನೆನಪುಂಟಲ್ಲ. ಅಷ್ಟು ದೊಡ್ಡ ಸಭಾಂಗಣ, ಕೈಯಲ್ಲಿ ಹಿಡಿಯುವಷ್ಟು ಡಬ್ಬಿ. ಆದರೂ ಕೆಲವು ಸಂಸದರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ತಮ್ಮ ಬಾಯಿ ಬಿಟ್ಟು ಹೇಳಲಿ ಅಕ್ಕ. ಆ ಹುಡುಗ ಮೊದಲೇ ಹೇಳಿದ್ದರೆ ಅವನನ್ನು ನಾನು ಬಾಗಿಲ ಹತ್ತಿರ ಇಡುತ್ತಿದ್ದೆ.

ಜತ್ತದಾಂವ:

ತಂಗೆವ್ವ, ನಾ ಜತ್ತ ತಾಲೂಕಿನಾಂವ. ಎಸ್‌ಆರ್‌ಪಿಎಫ್‌ನ್ಯಾಗ (ಅಂದ್ರ ರಾಜ್ಯ ಮೀಸಲು ಪೊಲೀಸ ಪಡೆ) ಮೂವತ್ತೊಂದ ವರ್ಷ ನೌಕರಿ ಮಾಡಿ ರಿಟೈರ ಆಗೇನಿ, ಈಗ ಹಡಪಸರದಾಗ ಇರತೇನಿ. ಅದರಾಗ ಹನ್ನೊಂದ ವರ್ಷ ನನ್ನ ಕೈಯಾಗ ಇದ್ದದ್ದು ಗ್ಯಾಸ್ ಗನ್ನ. ಹಿಂಗಾಗಿ ನನ್ನ ಮಾತ ಸ್ವಲ್ಪ ಉದ್ದ ಆಗತದ, ಬ್ಯಾಸರ ಮಾಡ್ಕೋಬ್ಯಾಡ.

ಕನ್ನಡದಾಗ ಅಶ್ರುವಾಯು ಅಂತೇವಿ. ಮರಾಠಿಯಾಗ ಅಶ್ರುಧೂರ. ಮರಾಠಿ ಹೆಸರ ಖರೇ ಐತಿ. ಅದು ವಾಯು ಅಲ್ಲವ್ವಾ, ಹೊಗಿ. ಸಿ.ಎಸ್. ಅನ್ನೂದು ಒಂದು ಪುಡಿ. 1928ರಾಗ ಅದನ್ನ ಮಾಡಿದ ಕಾರ್ಸನ್, ಸ್ಟೌಟನ್ ಅನ್ನೂ ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ ಹಂಗ ಕರದಾರ ಅಂತ ನಮಗ ಕ್ಲಾಸಿನ್ಯಾಗ ಹೇಳಿದ್ದರು. ಶೆಲ್ಲಿನಾಗ ಅದನ್ನ ಉರಿಯೂ ಮಸಾಲಿ ಜೋಡಿ ತುಂಬಿರತಾರ. ಉರದಾಗ ಸಣ್ಣ ಸಣ್ಣ ಕಣ ಆಗಿ ಹಾರತದ. ಗ್ವಾಲಿಯರ ಹತ್ತರ ಟೇಕನಪುರದಾಗ ಬಿಎಸ್‌ಎಫ್‌ದವರು ಇವನ್ನ ತಯಾರ ಮಾಡೂ ಕಾರಖಾನಿ ಐತಿ. ಅದರ ಹೆಸರೂ ಟಿಯರ್ ಸ್ಮೋಕ್ ಯೂನಿಟ್ ಅಂತನ. ಸ್ಮೋಕ್ ಅಂದ್ರ ಹೊಗಿ.

ಇದನ್ಯಾಕ ಹೇಳತೇನಿ ಅಂದ್ರ, ವಾಯು ಅಂದರ ಗಾಳಿ ಬಂದಾಗ ಹಾರಿ ಹೋತು ಅಂತ ಜನ ತಿಳೀತಾರ. ಪುಡಿ ಹೋಗೂದಿಲ್ಲ. ಕೂಡತದ. ಅರಬಿ-ಬಟ್ಟಿ ಮ್ಯಾಲ, ಹಾಸಿಗಿ ಮ್ಯಾಲ, ಹಿಟ್ಟಿನ ಡಬ್ಬಿ ಮ್ಯಾಲ. ಯಾರರ ಝಾಡಿಸಿದ್ರ ಮತ್ತ ಏಳತದ.

ನಾನ ಕಂಡದ್ದು ಹೇಳತೇನಿ. ಊರಿನ ಹೆಸರ ಬ್ಯಾಡ. ಸಣ್ಣ ಓಣಿ, ಆ ಕಡೆ ಕಲ್ಲ ತೂರವರು, ಈ ಕಡೆ ನಾವು. ಲೌಡಸ್ಪೀಕರಿನ್ಯಾಗ ಹೇಳಿದ್ದಾತು, ಹುಕುಂ ಆತು. ಗ್ಯಾಸ್ ಗನ್ನ ಮಂದಿ ಮೈಮ್ಯಾಲ ನೆಟ್ಟಗ ಹಿಡಿಯಂಗಿಲ್ಲ, ಮ್ಯಾಲಕ್ಕ ಓರಿ ಮಾಡಿ ಹೊಡೀಬೇಕು. ನೆಟ್ಟಗ ಹೊಡದರ ಆ ಶೆಲ್ಲ ತಲಿ ಒಡೀತದ, ಕಣ್ಣ ತಗೀತದ. ನಾ ನಿಯಮದಂಗ ಹೊಡದೆ. ಅದು ಒಂದು ಮನಿ ತಗಡಿನ ಪತ್ರಾ ಮ್ಯಾಲ ಬಿದ್ದು, ಜಾರಿ, ಬೆಳಕಿಂಡ್ಯಾಗ ಹಾದು ಒಳಗ ಹೋತು.

ಗಲಾಟಿ ಆ ಓಣಿ ಬಿಟ್ಟು ಮುಂದ ಹೋತು. ನಾ ಮಾಸ್ಕ್ ಹಾಕ್ಕೊಂಡು ಆ ಮನಿ ಬಾಗಲಾ ದೂಡಿದೆ. ಒಲಿ ಮ್ಯಾಲ ಹಂಚು, ಹಂಚಿನ ಮ್ಯಾಲ ಜ್ವಾಳದ ರೊಟ್ಟಿ ಕರ್ರಗ ಹೊತ್ತಿತ್ತು. ಮುದುಕಿ ಒಬ್ಬಾಕಿ ನೆಲಕ್ಕ ಮಲಗಿ, ತೊಟ್ಟಲಾ ಮ್ಯಾಲ ತನ್ನ ಸೀರಿ ಸೆರಗ ಹೊಚ್ಚಿ ಹಿಡದಿದ್ದಳು. ಶೆಲ್ಲ ಇನ್ನೂ ಸುಯ್ಯ್ ಅಂತಿತ್ತು. ಕೈಯಿಂದ ಮುಟ್ಟಿದ್ರ ಚರ್ಮಾ ಕಿತ್ತ ಬರತದ, ಅಷ್ಟ ಸುಡತದ. ಹಸಿ ಗೋಣಿ ಒಗದು ಹೊರಗ ಎಳದೆ. ಕೂಸನ್ನ ಒಂದ ಕೈಯಾಗ, ಮುದುಕಿನ್ನ ಹೆಗಲ ಮ್ಯಾಲ ಹೊತ್ತು ಬಯಲಿಗೆ ತಂದೆ. ಇಬ್ಬರೂ ಉಳದರು. ಆ ಮುದುಕಿ ನನಗ ಬೈಲಿಲ್ಲ. "ನನಗ ಕಣ್ಣ ಕಾಣವಲ್ದು ತಮ್ಮಾ, ಕೂಸು ಅಳಾಕತ್ತೇತೋ ಇಲ್ಲೋ ಹೇಳು" ಅಂದಳು. ಕೂಸು ಅಳತಿತ್ತು. ಅದನ್ನ ಕೇಳಿ ಆಕಿ ಕೈ ಬಿಟ್ಟಳು.

ಆವತ್ತ ರಾತ್ರಿ ಮನಿಗೆ ಬಂದೆ. ನನ್ನ ಮಗಳು ನಾಕ ವರ್ಷದಾಕಿ, ಓಡಿ ಬಂದು ಪ್ಯಾಂಟಿಗೆ ತೆಕ್ಕಿ ಬಿದ್ದಳು. ಒಂದ ನಿಮಿಷದಾಗ ಕಣ್ಣ ತಿಕ್ಕೋತ ಚೀರಾಕ ಹತ್ತಿದಳು. ನನ್ನ ಅರಬಿಯಾಗಿನ ಪುಡಿ. ಅದಾದ ಮ್ಯಾಲ ನಾ ಬೂಟ, ಅರಬಿ ಎಂದೂ ಮನಿ ಒಳಗ ತರಲಿಲ್ಲ.

ಈಗ ನಿನ್ನ ತಮ್ಮನ ಮಾತು. ಉಬ್ಬಸ ಮುಚ್ಚಿಡೂದ ಬ್ಯಾಡ. ನಮ್ಮ ಬ್ಯಾಚಿನ್ಯಾಗೂ ಒಬ್ಬಾಂವ ಮುಚ್ಚಿಟ್ಟಿದ್ದ. ಕೋಣ್ಯಾಗ ಬಿದ್ದ, ಬಾಗಲಾ ತಗಿಯವರು ಹೊತ್ತ ಮಾಡಿದರು. ಉಳಕೊಂಡ, ಆದರ ನೌಕರಿ ಉಳೀಲಿಲ್ಲ.

ಪಿಂಪ್ರಿಯ ಅಕ್ಕ:

ಕಾಕಾ, ಓದಿ ಕೈ ನಡುಗಿತು. ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೊದಲು ಸಿಟ್ಟು ಮಾಡ್ಕೊಂಡ, ಆಮೇಲೆ ಸುಮ್ಮನೆ ಕೂತ. ಶನಿವಾರ ಎದೆ ಡಾಕ್ಟರ್ ಹತ್ರ ಹೋಗೋಣ ಅಂದಿದ್ದಾನೆ. ಅವನೇ ಒಂದು ಪ್ರಶ್ನೆ ಕೇಳಿಸಿದ್ದಾನೆ: ಬೀದಿಯಲ್ಲಿ ಜನ ಓಡಿ ಹೋಗಬಹುದು, ಜೈಲಿನಲ್ಲಿ ಬ್ಯಾರಕ್ ಒಳಗೆ ಗಲಾಟೆ ಆದರೆ ಏನು ಮಾಡಬೇಕು? ಅಲ್ಲಿ ಗ್ಯಾಸ್ ಬಿಡೋದಕ್ಕೆ ಕಾನೂನು ಒಪ್ಪುತ್ತಾ?

ಫೋರ್ಟ್ ವಕೀಲ:

ಕಾನೂನಿನ ಭಾಗ ಚಿಕ್ಕದಾಗಿ ಹೇಳುತ್ತೇನೆ. ಬೀದಿಯಲ್ಲಿ ಅಕ್ರಮ ಕೂಟ ಚದುರಿಸುವುದಕ್ಕೆ ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 148ನೇ ಕಲಂ ಇದೆ, ಹಳೆಯ ಸಿಆರ್‌ಪಿಸಿಯಲ್ಲಿ ಅದು 129 ಆಗಿತ್ತು. ಮೊದಲು ಚದುರಿ ಎಂದು ಹೇಳಬೇಕು, ಕೇಳದಿದ್ದರೆ ಬಲ.

1997ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರಗಳ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿದೆ. ಯುದ್ಧದಲ್ಲಿ ಶತ್ರುವಿನ ಮೇಲೆ ಅಶ್ರುವಾಯು ಬಳಸುವುದನ್ನು ಅದು ನಿಷೇಧಿಸುತ್ತದೆ. ಸ್ವಂತ ದೇಶದೊಳಗೆ ಕಾನೂನು ಕಾಪಾಡಲು ಬಳಸುವುದಕ್ಕೆ ಅಡ್ಡಿ ಮಾಡುವುದಿಲ್ಲ. ಗಡಿಯಾಚೆಯ ಸೈನಿಕನಿಗೆ ಸಿಕ್ಕ ರಕ್ಷಣೆ ನಮ್ಮ ಜೈಲಿನ ವಿಚಾರಣಾಧೀನ ಕೈದಿಗೆ ಸಿಕ್ಕಿಲ್ಲ. ಇದು ನನ್ನನ್ನು ಇಷ್ಟು ವರ್ಷ ಕಾಡಿದ ವಿಷಯ. ಆದರೆ ಆ ಒಪ್ಪಂದ ಮಾಡುವ ವ್ಯಾಖ್ಯೆ ನೋಡಿ: ಸಂಪರ್ಕ ನಿಂತ ಮೇಲೆ ಸ್ವಲ್ಪ ಹೊತ್ತಿನಲ್ಲೇ ಮಾಯವಾಗುವ ಪರಿಣಾಮ ಇರಬೇಕು. ಸಂಪರ್ಕ ನಿಲ್ಲಬೇಕಾದರೆ ಮನುಷ್ಯ ಅಲ್ಲಿಂದ ಹೊರಗೆ ಬರಬೇಕಲ್ಲ? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2020ರ ಮಾರ್ಗಸೂಚಿಯಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಗಾಳಿ ಸರಿಯಾಗಿ ಆಡದ, ಹೊರದಾರಿ ಇಲ್ಲದ ಮುಚ್ಚಿದ ಜಾಗದಲ್ಲಿ ಬಳಸಬಾರದು, ಉಸಿರುಕಟ್ಟಿ ಸಾಯುವ ಅಪಾಯವಿದೆ ಎಂದು.

ಆ ಅಪಾಯ ಕಾಗದದ ಮೇಲಿನದ್ದಲ್ಲ. 2013ರ ಆಗಸ್ಟ್ 18ರಂದು ಈಜಿಪ್ಟಿನ ಅಬು ಜಾಬಲ್ ಜೈಲಿನ ಅಂಗಳದಲ್ಲಿ, ಕೈದಿಗಳನ್ನು ಒತ್ತೊತ್ತಾಗಿ ತುಂಬಿ ಬೀಗ ಹಾಕಿದ್ದ ವ್ಯಾನಿನೊಳಗೆ ಅಶ್ರುವಾಯು ಬಿಟ್ಟರು. 37 ಜನ ಸತ್ತರು. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಕಂಜುರುಹಾನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹೊಗೆಗೆ ಹೆದರಿ ಜನ ಇಕ್ಕಟ್ಟಾದ ಗೇಟುಗಳತ್ತ ನುಗ್ಗಿ 135 ಜನ ಸತ್ತರು. ಅದು ಮೇಲ್ಗಡೆ ಆಕಾಶ ಕಾಣುವ ಜಾಗ.

ಅಂದಹಾಗೆ, ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಂಡು ಓಡಾಡುವವರಿಗೂ ಒಂದು ಮಾತು. ಜಗಳವೊಂದರಲ್ಲಿ ಅದನ್ನು ಬಳಸಿದವರ ಮೇಲಿನ ಕೇಸು ರದ್ದು ಮಾಡಲು 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, ಅದನ್ನು ಅಪಾಯಕಾರಿ ಆಯುಧ ಎಂದೇ ಕರೆಯಿತು. ಪ್ರಾಣಕ್ಕೆ ಕುತ್ತು ಬಂದಾಗಿನ ಮಾತು ಬೇರೆ.

ಜತ್ತದಾಂವ:

ವಕೀಲಸಾಹೇಬರು ಹೇಳಿದ್ದು ನಾ ಕಣ್ಣಾರೆ ನೋಡೇನಿ, ಆದರ ಚಲೋ ರೀತಿಯಿಂದ ಮುಗದದ್ದು.

ಒಂದ ಜೈಲಿನಾಗ ಊಟದ ಸಲುವಾಗಿ ಬ್ಯಾರಕಿನ್ಯಾಗ ಗದ್ದಲ ಎದ್ದಿತ್ತು. ತಾಟ ಬಡೀತಿದ್ದರು, ಹಾಸಿಗಿ ಸುಡತಿದ್ದರು. ನಮ್ಮ ತುಕಡಿ ಕರಿಸಿದ್ದರು. ನಾ ಗನ್ನಿನ್ಯಾಗ ಶೆಲ್ಲ ಹಾಕಿ ನಿಂತಿದ್ದೆ. ಅಲ್ಲಿಯ ಒಬ್ಬ ಸಾಹೇಬರು "ಜಾಳಗಿಯೊಳಗಿಂದ ಒಂದ ಹೊಡೀರಿ, ಎಲ್ಲಾ ಥಂಡ ಆಗತದ" ಅಂದರು. ನಮ್ಮ ಇನ್ಸಪೆಕ್ಟರ ಸಾಹೇಬರು ಮಾತಾಡಲಿಲ್ಲ, ಬ್ಯಾರಕಿನ ಕೀಲಿ ನೋಡಿದರು. "ಇದರ ಚಾವಿ ಯಾರ ಹತ್ತರ ಐತಿ?" ಅಂತ ಕೇಳಿದರು. ಚಾವಿ ಇದ್ದಾಂವ ಮೂರ ಗೇಟ ಆಚೆ ಇದ್ದ. "ಆಂವ ಬರೂತನಕ ಒಳಗಿನವರು ಏನ ಉಸರಾಡಬೇಕು?" ಅಂದರು. ಶೆಲ್ಲ ತಗಸಿದರು. ಚಾವಿ ಬಂತು, ಡಾಕ್ಟರ ಬಂದರು. ಕೈದಿಗಳ ಪೈಕಿ ಇಬ್ಬರು ಹಿರಿಯರನ್ನ ಜಾಳಗಿ ಹತ್ತರ ಕರದು ಮಾತಾಡಿದರು. ಎರಡ ತಾಸು ಹಿಡೀತು. ಒಂದ ಶೆಲ್ಲೂ ಹಾರಲಿಲ್ಲ.

ಯಾವಾಗೂ ಹಿಂಗ ಮುಗೀತದ ಅಂತ ನಾ ಅನ್ನೂದಿಲ್ಲ. ಒಳಗ ಯಾರನ್ನರ ಕೊಲ್ಲಾಕ ಹತ್ತಿದ್ದರ ಸುಮ್ಮ ನಿಲ್ಲಾಕ ಬರೂದಿಲ್ಲ. ಆದರ ಚಾವಿ ಕೈಯಾಗ ಇಲ್ಲದ ಹೊಗಿ ಬಿಡಬಾರದು. ನಿನ್ನ ತಮ್ಮ ಬ್ಯಾರಕಿನ ಮುಂದ ನಿಲ್ಲಾಂವ, ಹುಕುಂ ಕೊಡಾಂವ ಅಲ್ಲ. ಆದರೂ "ಸಾಹೇಬ, ಚಾವಿ ತರಲೇನು" ಅಂತ ಕೇಳಾಕ ಅವಂಗ ಯಾರೂ ತಡಿಯೂದಿಲ್ಲ. ಒಳಗ ದಮ್ಮಿನವರು ಯಾರು, ಮುದುಕರು ಯಾರು ಅನ್ನೂದು ದಿನಾ ಎಣಸೂ ಶಿಪಾಯಿಗೆ ಗೊತ್ತಿರತದ, ಸಾಹೇಬಗ ಗೊತ್ತಿರೂದಿಲ್ಲ. ಅದನ್ನ ಹೇಳಬೇಕು.

ಪರೇಲ್ ನರ್ಸ್:

ಕಾಕಾ ಹೇಳಿದ ಕೊನೆಯ ಮಾತು ನಮ್ಮ ವಾರ್ಡಿಗೂ ಸಲ್ಲುತ್ತದೆ. ಅಕ್ಕಾ, ಕೋಣೆಗೆ ಹೋಗಲೇಬೇಕಾಗಿ ಬಂದರೆ ಇಷ್ಟು ಅವನಿಗೆ ಬಾಯಿಪಾಠ ಆಗಿರಲಿ. ಕಾಂಟ್ಯಾಕ್ಟ್ ಲೆನ್ಸ್ ಬೇಡ. ಮುಖಕ್ಕೆ ಎಣ್ಣೆ, ಕ್ರೀಮು ಬೇಡ, ಪುಡಿ ಅಂಟಿ ಕೂರುತ್ತದೆ. ಕಣ್ಣು ಉಜ್ಜಬಾರದು. ಹೊರಗೆ ಬಂದು ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲಲಿ. ತಣ್ಣೀರಿನಿಂದ ಕಣ್ಣು ತೊಳೆಯಲಿ, ಮೈಗೆ ಸೋಪು. ಬಿಸಿನೀರಿನ ಸ್ನಾನ ಆ ದಿನ ಬೇಡ, ಉರಿ ಮರಳುತ್ತದೆ. ಒಂದು ಗಂಟೆ ಆದಮೇಲೂ ಎದೆ ಬಿಗಿದಿದ್ದರೆ, ಮಾತಾಡುವಾಗ ಉಸಿರು ಸಾಲದಿದ್ದರೆ ಆಸ್ಪತ್ರೆಗೇ ಹೋಗಬೇಕು. ಮುಚ್ಚಿದ ಜಾಗದಲ್ಲಿ ಈ ಹೊಗೆ ಬಹಳ ಕುಡಿದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿಯೂ ಆಗಬಹುದು. ಆ ರಾತ್ರಿ ಒಬ್ಬನೇ ಮಲಗುವುದು ಬೇಡ.

ಪಿಂಪ್ರಿಯ ಅಕ್ಕ:

ಶನಿವಾರ ಹೋಗಿಬಂದ್ವಿ. ಊದೋ ಪರೀಕ್ಷೆಯಲ್ಲಿ ಸ್ವಲ್ಪ ಬಿಗಿತ ಇನ್ನೂ ಇದೆ ಅಂದ್ರು. ಓಟ, ಡ್ಯೂಟಿ ಎಲ್ಲ ಮಾಡಬಹುದು, ಗ್ಯಾಸ್ ಕೋಣೆ ಬೇಡ ಅಂತ ಚೀಟಿ ಬರೆದುಕೊಟ್ಟಿದ್ದಾರೆ, ಪಂಪ್ ಮತ್ತೆ ಶುರು ಆಗಿದೆ. ಸೋಮವಾರ ತಮ್ಮ ತಾನೇ ಹೋಗಿ ಚೀಟಿ ಕೊಡ್ತೀನಿ ಅಂತಿದ್ದಾನೆ. ಏನು ಹೇಳ್ತಾರೋ ಗೊತ್ತಿಲ್ಲ. ಅವ್ವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಿಮ್ಮೆಲ್ಲರ ಋಣ ದೊಡ್ಡದು.

ಜತ್ತದಾಂವ:

ಚಲೋ ಆತು ತಂಗೆವ್ವ. ಚೀಟಿದು ಒಂದ ಝೆರಾಕ್ಸ ಮನ್ಯಾಗ ಇಟ್ಕೋ, ಕೊಟ್ಟದ್ದಕ್ಕ ಸಹಿ ತಗೋ ಅಂತ ಹೇಳು. ಪಂಪ ಅಂಗಿ ಕಿಸೆದಾಗ ಇರಲಿ, ಟ್ರಂಕಿನ್ಯಾಗ ಅಲ್ಲ. ಪೇಟಿ ಮೂರನೇ ಮಾಳಗಿಯಾಗ ಇರತದ, ಉಸರ ಮೈದಾನದಾಗ ಕಟ್ಟತದ. ಎಂದರ ಗ್ಯಾಸಿನ ಡ್ಯೂಟಿ ಮಾಡಿ ಸೂಟಿಗೆ ಮನಿಗೆ ಬಂದರ ಅರಬಿ ಪ್ಲಾಸ್ಟಿಕ ಚೀಲದಾಗ ಬಿಗದು ಕಟ್ಟಿ ತರಲಿ. ಅವ್ವಗ ಹೇಳು, ಆ ಗಂಟ ಮನಿ ಒಳಗ ಬಿಚ್ಚಬ್ಯಾಡ, ಬರಿಗೈಲೆ ಮುಟ್ಟಬ್ಯಾಡ. ಹೊರಗ ಬಕೀಟದಾಗ ತಣ್ಣೀರ ಹಾಕಿ ನೆನಿ ಇಟ್ಟು, ಬ್ಯಾರೇನ ಒಗಿಲಿ.